ಸೈಕಲ್ ತುಳಿದು ಕೊಟ್ಟ ರಕ್ತ

ನನ್ನ ಜಂಬಕ್ಕೆ ಎರಡು ಗಾಲಿಗಳಿದ್ದವು ಎಂದರೆ ನಗಬೇಡಿ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಮೂವತ್ತು ವರ್ಷ ಕಂಪ್ಲಿ ಕಡೆ ಕಾಲುವೆ ದಂಡೆಯ ಮೇಲೆ ಸೈಕಲ್ ತುಳಿದು, ತೂಬು ಎತ್ತಿ ಇಳಿಸಿ, ದಿನಾ ಬೆಳಿಗ್ಗೆ ಗೇಜಿನ ಪಟ್ಟಿಯಲ್ಲಿ ನೀರಿನ ಮಟ್ಟ ಓದಿ ಬರೆದಿದ್ದೇನೆ. ಅಷ್ಟು ಗದ್ದೆಗಳಿಗೆ ನೀರು ಬಿಟ್ಟವನಿಗೆ ಕೊನೆಗೆ ತನ್ನ ನೀರು ಬಿಡುವುದೇ ಕಷ್ಟವಾಯಿತು. ಬೇವಿನ ಮರದ ಹಿಂದೆ ನಿಂತರೆ ಹೊತ್ತು ಹೋಗುತ್ತಿತ್ತೇ ಹೊರತು ಬೇರೇನೂ ಹೋಗುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುವ ಬಸಣ್ಣ ಕೂಗುತ್ತಿದ್ದ: "ಏನಲೇ, ಅಲ್ಲೇ ಬೋರ್ ಕೊರಸಾಕತ್ತೀಯೇನು?"

ನಮ್ಮಣ್ಣ ಇದೇ ತೊಂದರೆಯನ್ನು ನಾಚಿಕೆಪಟ್ಟು ಮುಚ್ಚಿಟ್ಟಿದ್ದ. ಮೂತ್ರಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದ ಮೇಲೆ ತೋರಿಸಿದ. ಆಗ ಡಾಕ್ಟರಿಗೆ ಮಾಡಲು ಏನೂ ಉಳಿದಿರಲಿಲ್ಲ.

"ನಿಮ್ಮಣ್ಣಗ ನಾಚಿಕಿ ಇತ್ತು, ನಿಮಗ ಸೊಕ್ಕು ಐತಿ," ಎಂದಳು ಹೆಂಡತಿ ಗಂಗಮ್ಮ. "ಎರಡೂ ಒಂದ ದಾರಿಗೆ ಹೊಂಟಾವ. ಮೊದ್ಲು ತೋರಿಸ್ಕೊಂಡ್ ಬರ್ರಿ."

ಹೊಸಪೇಟೆಗೆ ಬಸ್ಸಿತ್ತು. ಬಸ್ಸು ಹತ್ತಿದರೆ ರೋಗಿ ಎಂದು ಒಪ್ಪಿಕೊಂಡಂತೆ! ಅಷ್ಟು ದೂರವೂ ಸೈಕಲ್ಲೇ ತುಳಿದು, ಬೆವರು ಒರೆಸಿಕೊಂಡು ತಪಾಸಣೆಗೆ ರಕ್ತ ಕೊಟ್ಟೆ. ಅದು ಬೆಂಗಳೂರಿಗೆ ಹೋಗಿ, ವಾರದ ಮೇಲೆ ಚೀಟಿಯಾಗಿ ಬಂತು. ಆ ಗ್ರಂಥಿಯ ಸ್ಥಿತಿ ಹೇಳುವ ಅಂಕಿ ಇರಬೇಕಾದದ್ದಕ್ಕಿಂತ ಬಹಳ ಮೇಲಿತ್ತು.

"ಅವತ್ತು ಹೆಂಗ ಬಂದಿದ್ರಿ?" ಎಂದು ಡಾಕ್ಟರು ಕೇಳಿದರು.

"ಸೈಕಲ್ ಮ್ಯಾಲೆ ರೀ," ಎಂದೆ ಎದೆಯುಬ್ಬಿಸಿ.

"ಅದರ ಸೀಟು ಆ ಪ್ರಾಸ್ಟೇಟ್ ಗ್ರಂಥಿಗೇ ಒತ್ತತೈತಿ. ಅದಕ್ಕೂ ಅಂಕಿ ಏರಿರಬಹುದು, ವಯಸ್ಸಿಗೆ ಗ್ರಂಥಿ ಊದಿರಬಹುದು, ಕ್ಯಾನ್ಸರೂ ಇರಬಹುದು. ಅಂಕಿ ಒಂದ ಎಲ್ಲಾ ಹೇಳೂದಿಲ್ರೀ. ಆರು ವಾರ ಸೈಕಲ್ ಬಿಡ್ರಿ, ಮತ್ತ ನೋಡೂಣು."

ಇದು ನನಗೆ ಹೊಸ ಮಾತೇ? ಗೇಜಿನಲ್ಲಿ ನೀರು ಏರಿದ್ದರೆ ಡ್ಯಾಮಿನಿಂದ ಹೆಚ್ಚು ಬಿಟ್ಟಿರಬಹುದು, ಕೆಳಗೆ ಕಸ ಕಟ್ಟಿರಬಹುದು. ದಂಡೆಗುಂಟ ನಡೆದು ನೋಡದೆ ತೂಬು ಮುಟ್ಟಬಾರದೆಂದು ಹೊಸಬರಿಗೆ ಕಲಿಸಿದವನೇ ನಾನು. ಆದರೂ ದಾರಿಯುದ್ದಕ್ಕೂ ಆ ಚೀಟಿ ತೆಗೆತೆಗೆದು ಅಂಕಿ ಓದಿದೆ.

ಆರು ವಾರ ಸೈಕಲ್ ಗೋಡೆಗೆ ಒರಗಿತು, ನಾನು ದಂಡೆಯ ಮೇಲೆ ನಡೆದೆ. ಅಣ್ಣ ಈ ಹೆದರಿಕೆ ಹೊತ್ತು ಎಷ್ಟು ದಿನ ಒಬ್ಬನೇ ನಡೆದಿದ್ದನೋ ಎಂದು ಮೊದಲ ಸಲ ಅನ್ನಿಸಿತು.

ಎರಡನೇ ಸಲ ಗಂಗಮ್ಮನ ಪಕ್ಕ ಕುಳಿತು ಬಸ್ಸಿನಲ್ಲಿ ಹೋಗಿ ರಕ್ತ ಕೊಟ್ಟೆ. ವಾರದ ಮೇಲೆ ಬಂದ ಚೀಟಿಯಲ್ಲಿ ಅಂಕಿ ಇಳಿದಿತ್ತು. ಗ್ರಂಥಿ ಊದಿಕೊಂಡಿದೆ ಅಷ್ಟೇ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ವರ್ಷಕ್ಕೊಮ್ಮೆ ತಪ್ಪದೆ ಬರಬೇಕೆಂದರು.

ಮೊನ್ನೆ ಬಸಣ್ಣ ಬೇವಿನ ಮರದ ಹಿಂದೆ ಹೋದವನು ಬಹಳ ಹೊತ್ತು ಬರಲಿಲ್ಲ. ಬೋರಿನ ಮಾತು ನಾಲಗೆ ತುದಿಗೆ ಬಂತು, ನುಂಗಿಕೊಂಡೆ. ಅವನು ಮುಖ ತಗ್ಗಿಸಿ ಈಚೆ ಬಂದಾಗ ಹೇಳಿದೆ:

"ಸೋಮವಾರ ಹೊಸಪೇಟಿಗೆ ಹೋಗೂಣು ಬಸಣ್ಣ. ನಾನೂ ಬರ್ತೀನಿ. ಬಸ್ಸಿಗೆ."