ಪೇಂಟಿನಡಿ ಸಿಕ್ಕಿಕೊಂಡಿದ್ದ ಸ್ಟೀರಿಯೊ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕ್ ಪ್ಯಾನೆಲ್‌ಗಳಿಗೆ ವೈರಿಂಗ್ ಮಾಡುವುದು ನನ್ನ ಕೆಲಸ. ಮೊದಲ ಕಾರು, ಅದೂ ಸೆಕೆಂಡ್ ಹ್ಯಾಂಡ್, ಕೊಂಡ ವಾರವೇ ರಾಜಗೋಪಾಲನಗರದ ಅಂಗಡಿಯಲ್ಲಿ ಹೊಸ ಸ್ಟೀರಿಯೊ ಹಾಕಿಸಿದೆ. ಗುಂಡಿ ಒತ್ತಿದರೆ ಉಸಿರೇ ಇಲ್ಲ.

ಮೆಕ್ಯಾನಿಕ್ ಫ್ಯೂಸ್ ಬದಲಾಯಿಸಿದ, ವೈರುಗಳನ್ನು ಜಗ್ಗಿ ನೋಡಿದ, ಕೊನೆಗೆ ಕೈ ಒರೆಸಿಕೊಂಡ.

"ಸೆಟ್ಟೇ ಸತ್ತೋಗಿದೆ ಮೇಡಂ. ಬೇರೆ ತಗೊಳ್ಳಿ."

"ನಿಮ್ಮ ಟೆಸ್ಟ್ ಲ್ಯಾಂಪ್ ಕೊಡಿ, ನಾನೊಂದ್ಸಲ ನೋಡ್ತೀನಿ."

"ನೀವಾ?" ಅಂದವನು ಪಕ್ಕದಲ್ಲಿ ನಿಂತಿದ್ದ ನನ್ನ ಗಂಡನ ಮುಖ ನೋಡಿದ.

"ಕೊಡು ಗುರು, ನಮ್ಮನೇಲಿ ಫ್ಯಾನ್ ರಿಪೇರಿ ಮಾಡೋದೂ ಅವಳೇ" ಅಂದರು ಇವರು.

ಲ್ಯಾಂಪಿನ ಕ್ಲಿಪ್ಪನ್ನು ಕಾರಿನ ಕಬ್ಬಿಣದ ಮೈಗೆ ಕಚ್ಚಿಸಿ, ಸೆಟ್ಟಿಗೆ ಕರೆಂಟ್ ತರುವ ಎರಡೂ ವೈರುಗಳನ್ನು ಮುಟ್ಟಿದೆ. ದೀಪ ಚೆನ್ನಾಗಿಯೇ ಹತ್ತಿತು. ಹಾಗಾದರೆ ಕರೆಂಟ್ ಬರುತ್ತಿದೆ, ವಾಪಸ್ ಹೋಗಲು ದಾರಿಯಿಲ್ಲದಿರಬಹುದು. ಕರೆಂಟ್ ವಾಪಸ್ ಹೋಗಬೇಕಾದ ಕಪ್ಪು ಅರ್ತ್ ವೈರನ್ನು ಹಿಡಿದುಕೊಂಡು ಡ್ಯಾಶ್‌ಬೋರ್ಡಿನ ಒಳಗೆ ಹುಡುಕಿದೆ. ಅದನ್ನು ದಪ್ಪ ಪೇಂಟ್ ಬಳಿದ ಕಬ್ಬಿಣದ ಪಟ್ಟಿಯ ಮೇಲೆ ಹಾಗೇ ಕೂರಿಸಿ ಸ್ಕ್ರೂ ಮಾಡಿದ್ದ! ಪೇಂಟ್ ದಾಟಿ ಕರೆಂಟ್ ಹೋಗುವುದಿಲ್ಲ. ನಮ್ಮಲ್ಲಿ ಈ ತಪ್ಪು ಮಾಡಿದರೆ ಸೂಪರ್‌ವೈಸರ್ ಇಡೀ ಪ್ಯಾನೆಲ್ ಬಿಚ್ಚಿಸುತ್ತಾರೆ.

ಸ್ಕ್ರೂಡ್ರೈವರಿನಿಂದ ಪೇಂಟನ್ನು ಕೆರೆದು, ಹೊಳೆಯುವ ಕಬ್ಬಿಣಕ್ಕೆ ವೈರು ಬಿಗಿದು, ಕೀ ತಿರುಗಿಸಿದೆ. ಸೆಟ್ಟಿನ ನೀಲಿ ದೀಪ ಝಗ್ಗೆಂದಿತು, ರೇಡಿಯೊ ಅರಚಿಕೊಂಡಿತು.

"ಬರೀ ಪೇಂಟಾ ಅಕ್ಕಾ?" ಅಂದ ಮೆಕ್ಯಾನಿಕ್.

"ಬರೀ ಪೇಂಟು ಕಣಪ್ಪ" ಅಂದೆ. ಪ್ರಮೋಷನ್ ಸಿಕ್ಕಾಗಲೂ ನಾನು ಅಷ್ಟು ಬೀಗಿರಲಿಲ್ಲ.

ಬಂದದ್ದು ಹಾಡೇನಲ್ಲ, ಯಾವುದೋ ಸೀರೆ ಅಂಗಡಿಯ ಜಾಹೀರಾತು. ಮೂವರೂ ಕೊನೆತನಕ ಕೇಳಿದೆವು. ಅಷ್ಟು ಇಂಪಾದ ಜಾಹೀರಾತು ಆಮೇಲೆ ನನ್ನ ಕಿವಿಗೆ ಬಿದ್ದಿಲ್ಲ.