ಮೊಮ್ಮಗಳ ನೆತ್ತಿಯ ವಾಸನೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ನಮ್ಮ ಮನೆಯವರು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದಾರೆ. ಕೊರೋನಾ ಬಂದು ಹೋದ ಮೇಲೆ ನನ್ನ ಮೂಗಿನಲ್ಲಿ ಉಳಿದದ್ದು ಅದೊಂದೇ. ಜ್ವರ ಇಳಿಯಿತು, ಕೆಮ್ಮು ನಿಂತಿತು, ವಾಸನೆ ಮಾತ್ರ ಹೋದದ್ದು ಹೋಗೇ ಹೋಯಿತು. ಒಗ್ಗರಣೆ ಸೀದರೂ ಗೊತ್ತಾಗದು, ಮಲ್ಲಿಗೆ ಮುಡಿದರೂ ಗೊತ್ತಾಗದು. ಕಣ್ಣು ಹೋಯಿತೆಂದರೆ ಜನ ಅಯ್ಯೋ ಅನ್ನುತ್ತಾರೆ, ಮೂಗು ಹೋಯಿತೆಂದರೆ ನಗುತ್ತಾರೆ. ಆಗ ನನ್ನ ಒಬ್ಬಳೇ ಮಗಳು ಬಸುರಿ. ಬಸುರಿ ಹೆಂಗಸಿಗೆ ಇಲ್ಲದ ಚಿಂತೆ ಯಾಕೆ ಎಂದು ಅವಳಿಗೆ ಹೇಳಲಿಲ್ಲ. ಗೊತ್ತಿದ್ದದ್ದು ಮನೆಯವರಿಗೆ ಮತ್ತು ಡಾಕ್ಟರಿಗೆ. ದಿನಾ ಬೆಳಿಗ್ಗೆ ಸಂಜೆ ಲವಂಗ, ನಿಂಬೆಹಣ್ಣು ಹಿಡಿದು ಮೂಸುತ್ತಾ ಇರಿ, ಬಂದರೂ ಬರಬಹುದು ಎಂದರು ಡಾಕ್ಟರು. ಬಂದರೂ ಬರಬಹುದು ಎನ್ನುವುದಕ್ಕೆ ಡಾಕ್ಟರೇ ಬೇಕೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ನನ್ನ ತವರು ಜಗಳೂರಿನ ಕಡೆ, ಬಿಳಿಚೋಡು. ಈಗಿರುವ ನ್ಯಾಮತಿಯಷ್ಟು ಮಳೆ ಕಂಡ ಊರಲ್ಲ ಅದು. ಎಲ್ಲೋ ದೂರದ ಹೊಲದಲ್ಲಿ ಹನಿ ಬಿದ್ದರೂ ನೆಲದ ವಾಸನೆ ಗಾಳಿಯಲ್ಲಿ ನಮ್ಮ ಅಂಗಳಕ್ಕೆ ಬರುತ್ತಿತ್ತು. ಕುರಿಹಟ್ಟಿಯ ಮುಂದೆ ಕೂತಿದ್ದ ಅಪ್ಪ ಎದ್ದು ನಿಂತು ಮೂಗು ಅರಳಿಸುತ್ತಿದ್ದ. ಮಕ್ಕಳಾದ ನಾವೂ ಅವನ ಪಕ್ಕ ನಿಂತು ಮೂಗು ಅರಳಿಸುತ್ತಿದ್ದೆವು. ಮಳೆ ನಮ್ಮ ಮೇಲೆ ಬರದೇ ಹೋದರೂ ಆ ವಾಸನೆ ಬಂದ ದಿನ ಮನೆಯಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಅಪ್ಪ ಹೋಗಿ ಎಷ್ಟೋ ವರ್ಷವಾಗಿದ್ದರೂ, ಮೊದಲ ಮಳೆ ಬಿದ್ದಾಗ ಒಂದು ಗಳಿಗೆ ಅವನು ಪಕ್ಕದಲ್ಲೇ ನಿಂತಿರುತ್ತಿದ್ದ.

ಆ ವರ್ಷ ಭರಣಿ ಮಳೆ ಬಂದಾಗ, ಲವಂಗದಿಂದ ಆಗದ್ದು ಇದರಿಂದಲಾದರೂ ಆದೀತೆಂದು ಅಂಗಳಕ್ಕೆ ಇಳಿದೆ. ಕಾದ ನೆಲದಿಂದ ಹಬೆ ಏಳುತ್ತಿತ್ತು. ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದೆ. ಏನೂ ಇಲ್ಲ, ಬರೀ ನೀರು. ಅಪ್ಪ ಬರಲಿಲ್ಲ. ಈ ವಯಸ್ಸಿನಲ್ಲಿ, ಮಳೆಯಲ್ಲಿ ನಿಂತು ಮಕ್ಕಳ ಹಾಗೆ ಅತ್ತೆ.

ಆ ವಾರವೇ ಹೊನ್ನಾಳಿಯ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯಾಯಿತು. ಹೆಣ್ಣುಮಗು. ಬಾಣಂತನಕ್ಕೆ ನಮ್ಮ ಮನೆಗೆ ಕರೆತಂದೆವು. ಉಬ್ರಾಣಿಯಿಂದ ಬೀಗಿತ್ತಿ ಬಂದು ಮಗು ನೋಡಿದರು. ಒಳ್ಳೆಯ ಹೆಂಗಸೇ, ಆದರೆ ತೊಟ್ಟಿಲಿಗೆ ಬಗ್ಗಿ, ಇರಲಿ ಬಿಡಿ, ಮುಂದಿನ ಸಲ ನೋಡೋಣ ಎಂದುಬಿಟ್ಟರು. ಮಗಳು ಗೋಡೆ ಕಡೆ ಮುಖ ತಿರುಗಿಸಿ ಮಲಗಿದಳು. ಬೀಗರು ಎಂಬ ಮರ್ಯಾದೆಗೆ ನಾನು ಬಾಯಿ ಕಚ್ಚಿಕೊಂಡೆ.

ನಮ್ಮಲ್ಲಿ ಕೂಸನ್ನು ನೋಡಲು ಬಂದವರು ನೆತ್ತಿ ಮೂಸದೆ ಹೋಗುವುದಿಲ್ಲ. ಎಣ್ಣೆ ಹಚ್ಚಿ, ನೀರೆರೆದು, ಲೋಬಾನದ ಹೊಗೆ ಕೊಟ್ಟ ಮೇಲಂತೂ ಮಗು ಕೈಯಿಂದ ಕೈಗೆ ಹೋಗುತ್ತದೆ. ಒಬ್ಬೊಬ್ಬರೂ ನೆತ್ತಿಗೆ ಮೂಗಿಟ್ಟು ಕಣ್ಣು ಮುಚ್ಚುತ್ತಾರೆ. ನಾನೂ ಮೂಗಿಟ್ಟು ಕಣ್ಣು ಮುಚ್ಚುತ್ತಿದ್ದೆ, ನಾಟಕ ಆಡುತ್ತಿದ್ದೆ. ಮೊದಲ ಮೊಮ್ಮಗಳು ಮಡಿಲಲ್ಲಿದ್ದರೂ ನನಗೆ ಪೂರ್ತಿ ಸಿಕ್ಕಿರಲಿಲ್ಲ.

ಒಂದು ಬೆಳಿಗ್ಗೆ ಹಾಗೇ ಮೂಗಿಟ್ಟವಳಿಗೆ ವಾಸನೆ ಬಂತು. ಎದೆ ಧಸಕ್ಕೆಂದಿತು. ಆದರೆ ಅದು ಕೂಸಿನ ವಾಸನೆಯಾಗಿರಲಿಲ್ಲ. ರಸ್ತೆ ಮಧ್ಯೆ ಟೈರಿಗೆ ಬೆಂಕಿ ಇಟ್ಟರೆ ಬರುತ್ತದಲ್ಲ, ಆ ಕಮಟು. ಮುಖ ಕಿವುಚಿ, ನನಗೇ ಗೊತ್ತಿಲ್ಲದೆ ತಲೆ ಹಿಂದಕ್ಕೆಳೆದುಕೊಂಡೆ. ಕಣ್ಣು ಬಿಟ್ಟರೆ ಮಗಳು ನನ್ನನ್ನೇ ನೋಡುತ್ತಿದ್ದಳು.

"ನೀನೂ ನಮ್ಮತ್ತೆಯಂಗೇ ಏನವ್ವಾ?" ಅಂದಳು.

ಸಿಟ್ಟಿನಿಂದ ಅಂದಿದ್ದರೆ ನಾನೂ ಸಿಟ್ಟಿನಿಂದ ಉತ್ತರ ಕೊಡುತ್ತಿದ್ದೆ. ಅವಳು ಮೆಲ್ಲಗೆ ಅಂದಳು. ಆಗ ಎಲ್ಲ ಹೇಳಿದೆ: ಜ್ವರ, ಹೋದ ವಾಸನೆ, ಈಗ ಬಂದ ಸುಟ್ಟ ವಾಸನೆ. ಹೇಳಿದಷ್ಟೂ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಇಷ್ಟು ತಿಂಗಳು ಇಲ್ಲದ ಮೂಗಿನ ಕಥೆ ಇವತ್ತು ಎಲ್ಲಿಂದ ಬಂತು ಎಂದು ಕೇಳಿದಳು. ಅವಳಪ್ಪ ಸಾಕ್ಷಿ ಹೇಳಿದರೂ, ಅಪ್ಪ ಅವ್ವನ ಕಡೆ ಬಿಟ್ಟು ಇನ್ಯಾರ ಕಡೆ ಮಾತಾಡುತ್ತಾರೆ ಎಂದು ಬಾಯಿ ಮುಚ್ಚಿಸಿದಳು. ಮಗುವನ್ನು ನನ್ನ ಕೈಗೆ ಕೊಡುವುದು ಬಿಟ್ಟಳು. ನೀರೆರೆಯಲು ಬರುತ್ತಿದ್ದ ಅಜ್ಜಿಯೇ ಒರೆಸಿ, ಸುತ್ತಿ, ಅವಳ ಪಕ್ಕ ಮಲಗಿಸಿ ಹೋಗುತ್ತಿದ್ದರು. ನಾನು ಬಾಣಂತಿಗೆ ಅಡುಗೆ ಮಾಡಿ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದೆ. ನನ್ನ ಮನೆಯಲ್ಲೇ ನಾನು ಹೊರಗಿನವಳಾಗಿದ್ದೆ. ಅಡುಗೆಮನೆಯಲ್ಲೂ ಸುಖವಿರಲಿಲ್ಲ. ಈರುಳ್ಳಿ ಕೊಳೆತಂತೆ ನಾರುತ್ತಿತ್ತು, ಕಾಫಿ ಚರಂಡಿಯಂತೆ ನಾರುತ್ತಿತ್ತು, ಕೆಲವು ವಾಸನೆಗಳಂತೂ ಇನ್ನೂ ಬಂದೇ ಇರಲಿಲ್ಲ. ಇಂಥ ಮೂಗು ಬರುವುದಕ್ಕಿಂತ ಬರದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿದ್ದೆ. ಹಾಲು ಉಕ್ಕಿ ಉರಿ ಆರಿದ್ದು ಗೊತ್ತಾಗಲಿಲ್ಲ. ವಾಪಸು ಬಂದು, ಗ್ಯಾಸು ತುಂಬಿದ ಅಡುಗೆಮನೆಯಲ್ಲಿ ದೇವರ ಮಾಡದ ಮುಂದೆ ನಿಂತು, ದೀಪ ಹಚ್ಚಲು ಕಡ್ಡಿಪೆಟ್ಟಿಗೆ ತೆಗೆದೆ. ಮಗಳು ಕೋಣೆಯಿಂದ ಓಡಿ ಬಂದವಳೇ ಪೆಟ್ಟಿಗೆ ಕಿತ್ತು ಹಿತ್ತಲಿಗೆ ಎಸೆದು, ಒಲೆಯ ಗುಂಡಿ ತಿರುಗಿಸಿ, ಕಿಟಕಿ ಬಾಗಿಲು ತೆರೆದಳು. ಬಾಣಂತಿ ಹೀಗೆಲ್ಲ ಓಡಬಾರದು ಎಂದು ಗದರಿಸಲು ಬಾಯಿ ತೆರೆದೆ. ಅವಳ ಮುಖ ನೋಡಿದ ಮೇಲೆ, ಏನಾಗಲಿತ್ತು ಎಂಬುದು ನನಗೆ ತಿಳಿಯಿತು. ಅಲ್ಲೇ ನೆಲದ ಮೇಲೆ ಕೂತೆ.

ಅವಳೂ ಹೊಸ್ತಿಲ ಮೇಲೆ ಕೂತು ಅತ್ತಳು. ನಿಜವಾಗಲೂ ಗೊತ್ತಾಗಲಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಎದ್ದು ಹೋಗಿ, ಮಗುವನ್ನು ತಂದು ನನ್ನ ಮಡಿಲಲ್ಲಿ ಇಟ್ಟಳು.

"ಮೂಸು. ಹೆಂಗೈತೆ ಹೇಳು, ಸುಳ್ಳು ಹೇಳಬ್ಯಾಡ."

ಮೂಸಿದೆ. ಕಣ್ಣಲ್ಲಿ ನೀರು ಬಂತು.

"ಟೈರ್ ಸುಟ್ಟಂಗೈತೆ ಕಣವ್ವಾ."

ಅಳುತ್ತಿದ್ದವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಮಗಳೂ ನಾನೂ ಮಗುವನ್ನು ನಡುವೆ ಇಟ್ಟುಕೊಂಡು ಕಿಟಕಿ ತೆರೆದ ಆ ಅಡುಗೆಮನೆಯಲ್ಲಿ ಕತ್ತಲಾಗುವವರೆಗೂ ಕೂತಿದ್ದೆವು.

ಅಲ್ಲಿಂದ ಲವಂಗ, ನಿಂಬೆಹಣ್ಣಿನ ಜೊತೆಗೆ ದಿನವೂ ಮಗುವಿನ ನೆತ್ತಿಯೂ ಸೇರಿತು. ಮೊದಲೆಲ್ಲ ಹೊಟ್ಟೆ ತೊಳಸುತ್ತಿತ್ತು, ತಡೆದುಕೊಳ್ಳುತ್ತಿದ್ದೆ. ಬರುಬರುತ್ತಾ ಅದೇ ವಾಸನೆಗೆ ಎದೆ ತಣ್ಣಗಾಗತೊಡಗಿತು. ಬೇರೆಯವರ ಮನೆಗೆ ಹೋದರೆ ಆ ಕಮಟಿಗೆ ಜೀವ ಹಾತೊರೆಯುತ್ತಿತ್ತು. ಹುಚ್ಚು ಅನ್ನಿ, ನನಗೇನೂ ಬೇಸರವಿಲ್ಲ. ಉಳಿದವರಿಗೆಲ್ಲ ಎಣ್ಣೆ, ಹಾಲಿನ ವಾಸನೆಯ ಕೂಸು ಅದು; ನನಗೆ ಮಾತ್ರ ಬೇರೆ.

ಈಗ ಮೊಮ್ಮಗಳು ಅಂಗನವಾಡಿಗೆ ಹೋಗುತ್ತಾಳೆ. ನನ್ನ ಮೂಗು ನಿಧಾನವಾಗಿ ಸರಿಯಾಯಿತು. ಈರುಳ್ಳಿ ಈರುಳ್ಳಿಯಾಯಿತು, ಮಳೆ ಬಂದರೆ ನೆಲ ಘಮ್ಮೆನ್ನುತ್ತದೆ, ಅಪ್ಪನೂ ಒಂದು ಗಳಿಗೆ ಬಂದು ನಿಂತು ಹೋಗುತ್ತಾನೆ. ಮನೆಯವರು ನಿಶ್ಚಿಂತೆಯಾಗಿದ್ದಾರೆ. ನಾನೂ ಖುಷಿಯಾಗಿರಬೇಕು. ಆದರೆ ಸುಟ್ಟ ವಾಸನೆ ಯಾವ ದಿನ ಹೋಯಿತೆಂದು ನನಗೆ ತಿಳಿಯಲಿಲ್ಲ. ಒಂದು ದಿನ ಅವಳ ತಲೆ ಬಾಚುವಾಗ ಬಗ್ಗಿದರೆ ಬರೀ ಕೊಬ್ಬರಿ ಎಣ್ಣೆ, ಅಂಗಳದ ಧೂಳು. ಎಲ್ಲ ಮಕ್ಕಳ ತಲೆಯೂ ಹಾಗೇ ಇರುತ್ತದೆ. ಅವತ್ತು ಯಾರೋ ಸತ್ತಷ್ಟು ಸಂಕಟವಾಯಿತು. ಇದನ್ನು ಯಾರಿಗೆ ಹೇಳಲಿ?

ಅವಳಮ್ಮ ಅವಳಿಗೆ ಟೈರಿನ ಕಥೆಯನ್ನು ಹೇಳಿಬಿಟ್ಟಿದ್ದಾಳೆ. ರಜೆಗೆ ಬಂದಾಗೆಲ್ಲ ಓಡಿ ಬಂದು ತಲೆ ಒಡ್ಡಿ, ಹೆಂಗೈತೆ ಹೇಳು ಎಂದು ಕಾಯುತ್ತಾಳೆ. ನಾನು ಮೂಸಿ, ಮುಖ ಕಿವುಚಿ, ಟೈರ್ ಸುಟ್ಟಂಗೈತೆ ಅನ್ನುತ್ತೇನೆ. ಬಿದ್ದು ಬಿದ್ದು ನಗುತ್ತಾಳೆ. ಮತ್ತೆ ಮೂಸು ಅನ್ನುತ್ತಾಳೆ. ಬೇಗ ತಲೆ ಎತ್ತದೆ ಇನ್ನೊಂದಿಷ್ಟು ಹೊತ್ತು ಹುಡುಕುತ್ತೇನೆ, ಸಿಗುವುದಿಲ್ಲ.