ಆಣೆ ಬಿಡಿಸುವ ಮೊದಲು

ಅಣ್ಣ ಸತ್ತದ್ದು ಕಿರವತ್ತಿಯ ಹತ್ತಿರ, ಹೆದ್ದಾರಿಯಲ್ಲಿ. ಕಾರು ಓಡಿಸುತ್ತಿದ್ದವನು ಮಾವ, ನಮ್ಮ ಆಯಿಯ, ಅಂದರೆ ಅಮ್ಮನ, ಸ್ವಂತ ತಮ್ಮ. ಮದುವೆಮನೆಯಲ್ಲಿ ನಿದ್ದೆಗೆಟ್ಟು ಓಡಾಡಿದವನು ಸ್ಟಿಯರಿಂಗ್ ಹಿಡಿದೇ ತೂಕಡಿಸಿದ್ದ. ಇದು ಊರಿಗೆಲ್ಲ ಗೊತ್ತು. ಆದರೆ ಯಲ್ಲಾಪುರದ ಕೋರ್ಟಿನಲ್ಲಿ, ವಕೀಲರು ಹೇಳಿಕೊಟ್ಟ ಹಾಗೆ, ಎದುರಿನಿಂದ ಲಾರಿ ಅಡ್ಡ ಬಂತು ಎಂದುಬಿಟ್ಟ. ಸಾಕ್ಷಿಯಿಲ್ಲದೆ ಕೇಸು ಬಿದ್ದುಹೋಯಿತು.

ಅವನು ಜೈಲಿಗೆ ಹೋಗಲಿ ಎಂದು ಆಯಿಗೇನೂ ಇರಲಿಲ್ಲ. ಅವಳಿಗೆ ಉರಿದದ್ದು ಆ ಸುಳ್ಳಿಗೆ. ನೇರ ಅವನನ್ನು ನಮ್ಮೂರ ದೇವಸ್ಥಾನಕ್ಕೆ ಕರೆಸಿ ಆಣೆ ಹಾಕಿದಳು. "ಇನ್ನು ನನ್ನ ಕೈ ನೀರು ನಿಂಗಿಲ್ಲೆ, ನಿನ್ನ ಮನೆ ನೀರು ನಂಗಿಲ್ಲೆ. ಮೀರಿದ್ರೆ ಈ ಕೂಸಿನ ತಲೆ ಮೇಲೆ ಬರ್ಲಿ."

ಕೂಸು ಎಂದರೆ ನಾನು. ನನ್ನನ್ನೊಂದು ಮಾತು ಕೇಳಿದರೇ? ಊಹೂಂ.

ಹಾಕಿದ ಆಣೆಯನ್ನು ಬಿಡಿಸುವ ದಾರಿಯೂ ನಮ್ಮಲ್ಲಿದೆ. ಇಬ್ಬರೂ ಅದೇ ದೇವರೆದುರು ನಿಂತು ತಪ್ಪುಕಾಣಿಕೆ ಇಡಬೇಕು. ಒಬ್ಬರೇ ಬಂದರೆ ನಡೆಯದು. ನಾನು ಆಯಿಯ ಹತ್ತಿರ ಎಷ್ಟು ಜಗಳವಾಡಿದೆನೋ! ನಿನ್ನ ಸಿಟ್ಟು ಕಾಯಲು ದೇವರೇನು ಕೂಲಿಗೆ ನಿಂತವನೇ ಎಂದೂ ಕೇಳಿದ್ದೆ. ಅವಳದು ಒಂದೇ ಉತ್ತರ: "ಅವ ಒಂದ್ಸಲ ನಿಜ ಹೇಳ್ಲಿ. ದೇವಸ್ಥಾನಕ್ಕೆ ಆನೇ ಕರ್ಕಂಡು ಹೋಗ್ತೆ."

ಕಳೆದ ಬೇಸಿಗೆಯಲ್ಲಿ ಮಾವನ ಲಿವರ್ ಕೈಕೊಟ್ಟಿತು. ಇನ್ನು ಮನೆಗೇ ಕರೆದೊಯ್ಯಿರಿ ಎಂದರಂತೆ ಡಾಕ್ಟರು. ಸುದ್ದಿ ಕೇಳಿದ್ದೇ ಆಯಿಯ ಹಟವೆಲ್ಲ ಇಳಿದುಹೋಯಿತು. ನಿಜ ಹೇಳುವುದು ಹಾಳಾಗಿ ಹೋಗಲಿ, ಜೀವ ಇರುವಾಗಲೇ ಆಣೆ ಬಿಡಿಸಬೇಕು ಎಂದು ದೇವಸ್ಥಾನದ ಭಟ್ಟರಿಗೆ ತಾನೇ ಫೋನು ಮಾಡಿ ಸೋಮವಾರ ಗೊತ್ತುಮಾಡಿದಳು. ಶನಿವಾರವೇ ಮಾವನಿಗೆ ಏದುಸಿರು ಶುರುವಾಯಿತು. ನಾವಿಬ್ಬರೂ ಮಾವನ ಊರು ನಂದೊಳ್ಳಿಗೆ ಓಡಿದೆವು.

ಆಯಿಯನ್ನು ಕಂಡದ್ದೇ ಮಾವ, "ನಿದ್ದೆ ಬಂದಿತ್ತು ಅಕ್ಕ. ಲಾರಿ ಇತ್ತಿಲ್ಲೆ" ಎಂದ. ಅಷ್ಟು ವರ್ಷ ಬಿಗಿಹಿಡಿದಿದ್ದ ಆಯಿ ಗೊಳೋ ಎಂದು ಅತ್ತಳು. ಅವನ ತುಟಿ ಒಣಗಿ ಬಿರಿದಿತ್ತು. ಲೋಟದಿಂದ ಚಮಚದಲ್ಲಿ ನೀರು ತೆಗೆದು ಬಾಯಿಯ ಹತ್ತಿರ ಹಿಡಿದಳು.

"ಕುಡಿಯೋ ತಮ್ಮಾ. ಆಣೆ ಹಾಕಿದವ್ಳೇ ಕೊಡ್ತಾ ಇದ್ದಿ."

ಮಾವ ನನ್ನ ಕಡೆ ನೋಡಿ ಬಾಯಿ ಬಿಗಿಮಾಡಿಕೊಂಡ. "ಕುಡಿ ಮಾವ! ನಂಗೆ ಎಂತೂ ಆಗ್ತಿಲ್ಲೆ" ಎಂದು ಗದರಿಯೇ ಬಿಟ್ಟೆ.

ಅವನು ತಲೆಯಾಡಿಸಿದ. "ಒಂದು ಜೀವ ಆನೇ ತೆಗೆದಾತು. ಇದೊಂದಾದ್ರೂ ಇರ್ಲಿ, ಅಕ್ಕ."

ಚಮಚದ ನೀರು ದಿಂಬಿನ ಮೇಲೆ ಚೆಲ್ಲಿತು. ಕೊನೆಗೆ ಅತ್ತೆಯೇ ಅವನ ಬಾಯಿಗೆ ನೀರು ಬಿಟ್ಟಳು. ಸಂಜೆಯೊಳಗೆ ಹೋಗಿಬಿಟ್ಟ.

ಸೂತಕ ಕಳೆದ ಮೇಲೆ ಭಟ್ಟರು ಮನೆಗೆ ಬಂದರು. ಮಾವನ ಬದಲು ಅವನ ಮಗ ನಿಂತರೂ ಆಗುತ್ತದೆ, ಕೂಸಿನ ತಲೆಯ ಮೇಲಿನದು ಇಳಿಯಲಿ, ಬಿಡಿಸಿಬಿಡುವ ಎಂದರು. ಆಯಿ ಅವರ ಮುಖವನ್ನೇ ನೋಡಿದಳು.

"ಬಿಡ್ಸಿ ಯಾರಿಗೆ ನೀರು ಕೊಡ್ಲಿ, ಭಟ್ರೆ?"